ತರ್ದವಾಡಿಯಿಂದ ಬಂದವರು: ಕಲ್ಯಾಣದ ಅರಸರನ್ನು ಕುರಿತು ಒಂದು ಸಂವಾದ

ಕ್ರಿ.ಶ. 973ರಲ್ಲಿ ಇಮ್ಮಡಿ ತೈಲಪ ಮಾನ್ಯಖೇಟದ ರಾಷ್ಟ್ರಕೂಟರನ್ನು ಕೆಳಗಿಳಿಸಿದ. ಅಲ್ಲಿಂದ ಕಲ್ಯಾಣ ಚಾಲುಕ್ಯರ ಆಳ್ವಿಕೆ ಶುರುವಾಯಿತು. 1189ರ ಸುಮಾರಿಗೆ ನಾಲ್ವಡಿ ಸೋಮೇಶ್ವರ ರಾಜಧಾನಿ ಬಿಟ್ಟು ಬನವಾಸಿಯ ಕಡೆ ಸರಿದುಹೋದಾಗ ಅದು ಮುಗಿಯಿತು. ಕೊನೆಯ ಭಾಗದಲ್ಲಿ ಕಾಲು ಶತಮಾನದಷ್ಟು ಕಾಲ ಕಳಚುರಿಗಳು ಕಲ್ಯಾಣವನ್ನು ಹಿಡಿದಿದ್ದರು. ಉತ್ತರಕ್ಕೆ ನರ್ಮದೆಯತನಕ ಅಧಿಕಾರ ಸಾರಿಕೊಂಡ ಈ ಮನೆತನದ ರಾಜಧಾನಿಯೇ ಇಂದಿನ ಬಸವಕಲ್ಯಾಣ. ಅವರ ಅರಮನೆ ಇದು ಎಂದು ತೋರಿಸಲು ಆ ಊರಿನಲ್ಲಿ ಇವತ್ತು ಏನೂ ಉಳಿದಿಲ್ಲ. ಅವರ ಕಾಲದ ಹೆಸರಾಂತ ಗುಡಿಗಳಿರುವುದು ದಕ್ಷಿಣಕ್ಕೆ ಬಹುದೂರ, ಇಟಗಿ, ಲಕ್ಕುಂಡಿ, ಗದಗಿನಲ್ಲಿ.

ಹಾಗಾದರೆ ಕಲ್ಯಾಣದ ಚರಿತ್ರೆ ಯಾರದು? ಸಿಂಹಾಸನದ ಮೇಲೆ ಕೂತವರದೋ, ಅವರಿಂದ ನಾಡುಗಳನ್ನು ಪಡೆದು ಆಳಿದ ಸಾಮಂತರದೋ, ಅಥವಾ ಆ ಊರಿನ ಹೆಸರನ್ನು ಜನರ ಬಾಯಲ್ಲಿ ಉಳಿಸಿದ ಶರಣರದೋ? ಹುಮನಾಬಾದಿಗೆ ಅಂಟಿಕೊಂಡಿರುವ ಮಾಣಿಕನಗರದಲ್ಲಿ ಈ ವಾದ ಹೊಸದಲ್ಲ. ಇಲ್ಲಿ ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರು ಶಾಸನಗಳನ್ನು ಓದಿಕೊಂಡ ನಿವೃತ್ತ ಮಾಸ್ತರರು. ಇನ್ನೊಬ್ಬ ಇತಿಹಾಸದಲ್ಲಿ ಎಂ.ಎ. ಓದುತ್ತಿರುವ ತರುಣ.

ತರುಣ: ಸರ್, ಮೊದಲಿಗೇ ಕೇಳಿಬಿಡ್ತೀನಿ. ತೈಲಪ ರಾಷ್ಟ್ರಕೂಟರ ಕೈಕೆಳಗಿನ ಅಧಿಕಾರಿ. ಮೂರನೆಯ ಕೃಷ್ಣ ಅವನಿಗೆ ತರ್ದವಾಡಿ ಸಾವಿರ ನಾಡನ್ನು ಕೊಟ್ಟಿದ್ದ. ಒಡೆಯನ ಮನೆ ಸೋರತೊಡಗಿದಾಗ ಈತ ಮನೆಯನ್ನೇ ತನ್ನದು ಮಾಡಿಕೊಂಡ. ಇದನ್ನು ಪುಸ್ತಕಗಳು ಚಾಲುಕ್ಯರ ಪುನರುತ್ಥಾನ ಅಂತ ಯಾಕೆ ಬರೀತಾವ್ರೀ?

ಹಿರಿಯರು: ಮನೆ ಸೋರುತ್ತಿತ್ತು ಅಂದೆಯಲ್ಲ, ಎಷ್ಟು ಸೋರುತ್ತಿತ್ತು ಅನ್ನೋದನ್ನೂ ನೋಡು ತಮ್ಮಾ. ಕೃಷ್ಣ 967ರಲ್ಲಿ ತೀರಿಕೊಂಡ. ಅವನ ಹಿಂದೆ ಬಂದ ಖೊಟ್ಟಿಗನ ಕಾಲದಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕ ಬಂದು ಮಾನ್ಯಖೇಟವನ್ನೇ ಲೂಟಿ ಮಾಡಿದ. ನಮ್ಮ ಕಾಗಿಣಾ ದಂಡೆಯ ಮಳಖೇಡ ಅದು. ರಾಜಧಾನಿಯನ್ನೇ ಉಳಿಸಿಕೊಳ್ಳಲಾಗದ ಅರಸನನ್ನು ಸಾಮಂತರು ಎಷ್ಟು ದಿನ ಒಡೆಯ ಅಂತಾರೆ? ಮರುವರ್ಷ ತೈಲಪ ಇಮ್ಮಡಿ ಕರ್ಕನನ್ನು ಸೋಲಿಸಿದ. ಗಂಗರ ಮಾರಸಿಂಹ ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟ ಕಟ್ಟಿ ನೋಡಿದ, ಉಳಿಯಲಿಲ್ಲ. ಆ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ.

ತರುಣ: ಅದು ಬಲದ ಮಾತಾಯ್ತು. ಹಕ್ಕಿನ ಮಾತು? ಬಾದಾಮಿ ಚಾಲುಕ್ಯರು ಬಿದ್ದದ್ದು 753ರ ಸುಮಾರಿಗೆ. ಇನ್ನೂರಿಪ್ಪತ್ತು ವರ್ಷ ಕಳೆದಮೇಲೆ ಒಬ್ಬ ಬಂದು, ನಾನು ಅದೇ ವಂಶದವ ಅಂದರೆ ಒಪ್ಪಿಕೊಳ್ಳೋದು ಹೇಗೆ?

ಹಿರಿಯರು: ಐದನೆಯ ವಿಕ್ರಮಾದಿತ್ಯನ ಕಾಲದ ಕೌಠೆಂ ತಾಮ್ರಪಟ ಆ ವಂಶಾವಳಿಯನ್ನು ಕೊಡುತ್ತದೆ. ನಡುವಿನ ತಲೆಮಾರುಗಳ ಬಗ್ಗೆ ವಿದ್ವಾಂಸರಿಗೆ ಅನುಮಾನ ಇದೆ, ಅದು ಇರಲಿ. ಆದರೆ ಆ ಹಕ್ಕನ್ನು ಸಾರಿಕೊಂಡದ್ದೇ ಒಂದು ಘಟನೆ. ಬರೀ ಕತ್ತಿಯಿಂದ ಗೆದ್ದವನಿಗೆ ನಾಡು ತಲೆಬಾಗುವುದಿಲ್ಲ. ಹಳೆಯ ಹೆಸರಿನ ಬೆಂಬಲ ಬೇಕು ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಚಾಲುಕ್ಯಾಭರಣ, ಸತ್ಯಾಶ್ರಯಕುಲತಿಲಕ ಅನ್ನೋ ಬಿರುದುಗಳು ಒಂದೊಂದು ಶಾಸನದಲ್ಲೂ ತಪ್ಪದೆ ಬರುತ್ತವೆ. ಹೆಂಡತಿ ಜಾಕಬ್ಬೆ ರಾಷ್ಟ್ರಕೂಟರ ಮಗಳು, ತಾಯಿ ಬೊಂಥಾದೇವಿ ಚೇದಿಯ ಕಳಚುರಿ ಮನೆತನದವಳು. ಹಳೆಯ ಒಡೆಯರ ಜೊತೆಗೂ ನೆಂಟಸ್ತಿಕೆ, ಹಳೆಯ ವೈರಿಗಳ ಜೊತೆಗೂ ನೆಂಟಸ್ತಿಕೆ.

ತೈಲಪ 997ರವರೆಗೆ ಆಳಿದ. ಮೇಲಿಂದ ಮೇಲೆ ದಂಡೆತ್ತಿ ಬಂದ ಪರಮಾರ ಮುಂಜನನ್ನು ಸೆರೆಹಿಡಿದು ಕೊಂದ. ಕನ್ನಡ ಸಾಹಿತ್ಯಕ್ಕೂ ಈ ಆಸ್ಥಾನದ ಆಸರೆ ಸಿಕ್ಕಿತು. ಅತ್ತಿಮಬ್ಬೆಯ ಆಶ್ರಯದಲ್ಲಿ ಕವಿ ರನ್ನ 993ರಲ್ಲಿ ‘ಅಜಿತಪುರಾಣ’ ಮುಗಿಸಿದ. ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಸಾಹಸಭೀಮವಿಜಯ’ ಬರೆದ. ಅದೇ ಸತ್ಯಾಶ್ರಯನ ಕಾಲಕ್ಕೆ ಚೋಳರ ದಂಡು ಬಂತು. 1007ರ ಹೊಟ್ಟೂರು ಶಾಸನ ಆ ದಾಳಿಯನ್ನು ಕಂಡವರ ಸಂಕಟದಲ್ಲಿ ದಾಖಲಿಸುತ್ತದೆ. ಒಂಬತ್ತು ಲಕ್ಷದ ಸೇನೆ ಬಂದು ನಾಡನ್ನು ಹಾಳುಮಾಡಿತು, ಹೆಂಗಸರು ಮಕ್ಕಳೆನ್ನದೆ ಕೊಂದಿತು ಎಂದು ಅದು ಹೇಳುತ್ತದೆ. ಸಂಖ್ಯೆ ಉತ್ಪ್ರೇಕ್ಷೆಯಾಗಿರಬಹುದು, ಸಂಕಟ ಉತ್ಪ್ರೇಕ್ಷೆಯಲ್ಲ. ಈ ಹಗೆ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ರಾಜಧಾನಿ ಕಲ್ಯಾಣಕ್ಕೆ ಬಂದದ್ದೂ ಈ ಹಗೆಯ ನಡುವೆಯೇ. 1042ರ ಸುಮಾರಿಗೆ ಪಟ್ಟಕ್ಕೆ ಬಂದ ಒಂದನೆಯ ಸೋಮೇಶ್ವರ, ಆಹವಮಲ್ಲ, ಕಲ್ಯಾಣವನ್ನು ಕಟ್ಟಿ ಬೆಳೆಸಿದ ಎಂಬುದು ಕವಿ ಬಿಲ್ಹಣನ ಮಾತು.

ತರುಣ: ಕಟ್ಟಿದ ಕೆಲವೇ ವರ್ಷಕ್ಕೆ ಅದನ್ನೂ ಸುಡಿಸಿಕೊಂಡ. ಚೋಳ ರಾಜಾಧಿರಾಜ ಬಂದು ಕಲ್ಯಾಣಕ್ಕೆ ಬೆಂಕಿ ಇಟ್ಟು, ಒಂದು ದ್ವಾರಪಾಲಕ ಮೂರ್ತಿಯನ್ನು ಹೊತ್ತುಕೊಂಡು ಹೋದ. ಅದು ಈಗಲೂ ತಂಜಾವೂರಿನಲ್ಲಿದೆ.

ಹಿರಿಯರು: ಇದೆ. ಮೊದಲು ದಾರಾಸುರಂ ಗುಡಿಯಲ್ಲಿತ್ತು. ಕಪ್ಪು ಕಲ್ಲಿನ ಮೂರ್ತಿ. ಚೋಳರು ಕಡೆಯುವ ದ್ವಾರಪಾಲಕರ ಮೈಕಟ್ಟೇ ಬೇರೆ, ಇದರದ್ದೇ ಬೇರೆ. ಪೀಠದ ಮೇಲೆ ತಮಿಳಿನಲ್ಲಿ ಒಂದು ಸಾಲು ಕೆತ್ತಿಸಿದ್ದಾರೆ: ಕಲ್ಯಾಣಪುರವನ್ನು ಸುಟ್ಟು ವಿಜಯರಾಜೇಂದ್ರದೇವರು, ಅಂದರೆ ರಾಜಾಧಿರಾಜ, ತಂದ ದ್ವಾರಪಾಲಕ ಅಂತ. ಕಲ್ಯಾಣದ ಅರಸರ ಗುಡಿಬಾಗಿಲು ಹೇಗಿತ್ತು ಅಂತ ತಿಳಿಯಬೇಕಾದರೆ ಗೆದ್ದವರ ಊರಿಗೆ ಹೋಗಬೇಕು. ಅದಕ್ಕೆ ನನಗೆ ನೋವಿದೆ. ಆದರೆ ಮುಂದಿನದ್ದನ್ನೂ ಹೇಳು. 1054ರಲ್ಲಿ ಕೊಪ್ಪದ ಕಾಳಗದಲ್ಲಿ ಅದೇ ರಾಜಾಧಿರಾಜ ಆನೆಯ ಮೇಲೆ ಕೂತಿದ್ದಂತೆಯೇ ಸತ್ತ.

ತರುಣ: ಸತ್ತ ನಿಜ, ಗೆಲುವು ಸೋಮೇಶ್ವರನಿಗೆ ಸಿಗಲಿಲ್ಲ. ರಾಜಾಧಿರಾಜನ ತಮ್ಮ ರಣರಂಗದಲ್ಲೇ ಪಟ್ಟ ಕಟ್ಟಿಸಿಕೊಂಡು ಯುದ್ಧ ಮುಂದುವರಿಸಿದ. ಇಷ್ಟೆಲ್ಲ ಆದಮೇಲೂ ಕಲ್ಯಾಣವನ್ನೇ ಯಾಕೆ ಹಿಡಿದುಕೊಂಡು ಕೂತರು? ಬಾದಾಮಿಗೆ ಹೋಗಬಹುದಿತ್ತು, ಹಳೆಯ ಹೆಸರೂ ಇತ್ತು.

ಹಿರಿಯರು: ನಕಾಶೆ ತೆಗೆದು ನೋಡು. ಮಾಳವದ ಪರಮಾರರು ಉತ್ತರಕ್ಕೆ, ಚೋಳರು ದಕ್ಷಿಣಕ್ಕೆ, ಚಾಲುಕ್ಯರೂ ಚೋಳರೂ ಕಣ್ಣಿಟ್ಟಿದ್ದ ವೆಂಗಿ ಪೂರ್ವಕ್ಕೆ. ಈ ಮೂರೂ ಕಡೆ ದಂಡು ಕಳಿಸಲು ಅನುಕೂಲವಾದ ಜಾಗ ಬೇಕಿತ್ತು. ಬಾದಾಮಿ ತುಂಬಾ ದಕ್ಷಿಣ, ಮಾನ್ಯಖೇಟ ಸೋತ ಒಡೆಯರ ಊರು. ಹೊಸ ಅರಸನಿಗೆ ಹೊಸ ಊರು ಬೇಕಾಗುತ್ತದೆ.

ತರುಣ: ಇದೇ ಮಾತನ್ನು ಕಾರಿಯಾದ ಬಗ್ಗೆ ಓದಿದ್ದೆ. ಈಗಿನ ತುರ್ಕಿಯ ನೈಋತ್ಯ ಮೂಲೆ ಅದು. ಮೌಸೋಲಸ್ ಅನ್ನುವವ ಕ್ರಿ.ಪೂ. 377ರಿಂದ 353ರವರೆಗೆ ಅಲ್ಲಿ ಆಳಿದ. ಹೆಸರಿಗೆ ಪರ್ಷಿಯಾ ಚಕ್ರವರ್ತಿಯ ಪ್ರಾಂತಾಧಿಕಾರಿ, ನಡೆದುಕೊಂಡದ್ದು ರಾಜನ ಹಾಗೆ. ತನ್ನ ಮನೆತನದ ಮೈಲಸಾ ಊರು ಬಿಟ್ಟು ಕಡಲದಂಡೆಯ ಹಾಲಿಕರ್ನಾಸಸ್‌ಗೆ ರಾಜಧಾನಿ ತಂದ, ಸುತ್ತಲಿನ ಹಳ್ಳಿಪಟ್ಟಣಗಳ ಜನರನ್ನು ಎಬ್ಬಿಸಿ ಅಲ್ಲಿಗೆ ತುಂಬಿದ. ಅವನು ಸತ್ತಮೇಲೆ ಹೆಂಡತಿ ಆರ್ಟೆಮಿಸಿಯಾ ಪಟ್ಟಕ್ಕೆ ಬಂದಳು. ಅವನ ಗೋರಿ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಯಿತು. ಕೊನೆಗೆ ಅದರ ಕಲ್ಲುಗಳನ್ನು ಕಿತ್ತು ಕ್ರೈಸ್ತ ಯೋಧರು ಅದೇ ಊರಿನ ಬೋದ್ರುಮ್ ಕೋಟೆಗೆ ಹಾಕಿಕೊಂಡರು. ಬಸವಕಲ್ಯಾಣದ ಕೋಟೆ ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಕೋಟೆ ಈಗಿನ ರೂಪಕ್ಕೆ ಬಂದದ್ದು ಬಹಮನಿಗಳ ಕಾಲದಿಂದೀಚೆಗೆ, ಒಳಗೆ ಇಟ್ಟಿರುವ ಮೂರ್ತಿಗಳೋ ಅದಕ್ಕಿಂತ ಹಳೆಯವು.

ಹಿರಿಯರು: ಹೋಲಿಕೆ ಒಪ್ಪಿದೆ, ಅರ್ಧಕ್ಕೆ ಮಾತ್ರ. ಕಾರಿಯಾದವರ ಬರಹ ಎಷ್ಟು ಉಳಿದಿದೆ ಹೇಳು?

ತರುಣ: ಕಡಿಮೆ. ಅದರಲ್ಲೂ ಬಹುಪಾಲು ಈಜಿಪ್ಟಿನಲ್ಲಿ ಸಿಕ್ಕಿದ್ದು, ಕೂಲಿಗೆ ಹೋದ ಸೈನಿಕರದ್ದು. ಲಿಪಿಯನ್ನು ಓದುವ ದಾರಿ ಸಿಕ್ಕಿದ್ದೇ 1980ರ ದಶಕದಲ್ಲಿ. 1996ರಲ್ಲಿ ಕೌನೋಸ್ ಊರಿನಲ್ಲಿ ಗ್ರೀಕ್ ಮತ್ತು ಕಾರಿಯನ್ ಎರಡರಲ್ಲೂ ಬರೆದ ಶಾಸನ ಸಿಕ್ಕಿತು, ಆಗ ಆ ಓದು ಸರಿ ಅಂತ ಖಾತ್ರಿಯಾಯಿತು.

ಹಿರಿಯರು: ನಮ್ಮ ಅರಸರ ಕಾಲದ ಕನ್ನಡ ಶಾಸನಗಳು ಸಾವಿರಗಟ್ಟಲೆ ಇವೆ. ಕೆರೆ ತೂಬಿನ ಹತ್ತಿರ, ಹನುಮಂತನ ಗುಡಿಯ ಗೋಡೆಗೆ ಒರಗಿ, ಹೊಲದ ಬದುವಿನಲ್ಲಿ. ಯಾರು ಅರಸ, ಯಾರು ಮಹಾಮಂಡಲೇಶ್ವರ, ಯಾರು ನಾಡಗಾವುಂಡ, ಯಾವ ಗುಡಿಯ ನಂದಾದೀಪಕ್ಕೆ ಯಾವ ಗಾಣದ ಎಣ್ಣೆ, ಎಲ್ಲ ಬರೆದಿದೆ. ಗೋರಿ ಅದ್ಭುತವಾಗಿದ್ದು ಬಾಯಿ ಇಲ್ಲದ ಮನೆತನ ಅದು. ನಮ್ಮದರ ಅರಮನೆ ಹೋಗಿದೆ, ಬಾಯಿ ಉಳಿದಿದೆ.

ತರುಣ: ಆ ಬಾಯಿ ಯಾರದು ಅನ್ನೋದೇ ನನ್ನ ಪ್ರಶ್ನೆ. ಗಾಣದ ಎಣ್ಣೆ ಕೊಟ್ಟವನು ತೆಲ್ಲಿಗ. ಭೂಮಿ ಕೊಟ್ಟವರು ಊರವರು. ಅರಸ ಬರೋದು ಮೊದಲ ನಾಲ್ಕು ಸಾಲಿನಲ್ಲಿ, ಅದೂ ಎಲ್ಲ ಕಡೆ ಒಂದೇ ಪಡಿಯಚ್ಚು: ಕಲ್ಯಾಣದ ನೆಲೆವೀಡಿನಲ್ಲಿ ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿರಲು ಅಂತ. ಶಾಸನ ಇರೋದು ಊರಿಗಾಗಿ.

ಮಾತು ಇಲ್ಲಿ ಆಡಳಿತದ ಕಡೆ ತಿರುಗುತ್ತದೆ. ಚಾಲುಕ್ಯ ರಾಜ್ಯ ನಾಡುಗಳ ಜೋಡಣೆ. ನಾಡಿನ ಹೆಸರಿಗೆ ಒಂದು ಸಂಖ್ಯೆ ಅಂಟಿರುತ್ತದೆ: ಬನವಾಸಿ ಪನ್ನಿರ್ಛಾಸಿರ ಅಂದರೆ 12,000, ನೊಳಂಬವಾಡಿ 32,000, ಕರಹಾಡ 4,000, ಕೂಂಡಿ 3,000, ತರ್ದವಾಡಿ 1,000, ಬೆಳ್ವೊಲ 300, ಕಿಸುಕಾಡು 70. ಈ ಸಂಖ್ಯೆ ಹಳ್ಳಿಗಳ ಲೆಕ್ಕವೋ, ಹುಟ್ಟುವಳಿಯ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾಡನ್ನು ಆಳುವವರಲ್ಲಿ ರಾಜಕುಮಾರರಿದ್ದರು, ದಂಡನಾಯಕರಿದ್ದರು, ವಂಶಪಾರಂಪರ್ಯವಾಗಿ ಬಂದ ಮಹಾಮಂಡಲೇಶ್ವರರಿದ್ದರು. ರಾಜಮನೆತನದ ಹೆಂಗಸರೂ ಇದ್ದರು.

ಹಿರಿಯರು: ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯನ್ನು ತಗೋ. ಕಿಸುಕಾಡು ಎಪ್ಪತ್ತನ್ನು ಆಳಿದಳು. 1047ರಲ್ಲಿ ಗೋಕಾಗೆಯ, ಅಂದರೆ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು. ಯುದ್ಧದಲ್ಲಿ ಭೈರವಿ ಅಂತ ಶಾಸನ ಹೊಗಳುತ್ತದೆ, ಗುಣದಬೆಡಂಗಿ ಅಂತ ಬಿರುದು. ಸೋಮೇಶ್ವರನ ರಾಣಿ ಮೈಲಲದೇವಿ ಬನವಾಸಿಯನ್ನು ನೋಡಿಕೊಂಡಳು. ನಿನ್ನ ಆರ್ಟೆಮಿಸಿಯಾ ಗಂಡ ಸತ್ತಮೇಲೆ ಆಳಿದಳು. ಇವರು ಸೋದರ, ಗಂಡ ಬದುಕಿರುವಾಗಲೇ ಆಳಿದವರು. ಅಧಿಕಾರ ಹಂಚಿಕೊಡೋದು ಈ ಅರಸರಿಗೆ ಗೊತ್ತಿತ್ತು. ಅದಕ್ಕೇ ಇಷ್ಟು ದೊಡ್ಡ ನಾಡು ಇಷ್ಟು ಕಾಲ ನಿಂತಿತು.

ತರುಣ: ಹಂಚಿಕೊಟ್ಟದ್ದರಿಂದಲೇ ಬಿತ್ತು ಅಂತ ನಾನಂತೀನಿ. ಆದರೆ ಅದು ಕಳಚುರಿ ಬಿಜ್ಜಳನ ಹತ್ತಿರ ಬಂದಾಗ ಹೇಳೋಣ. ಓದಿಗೆ ಏನು ಮಾಡಿದರು?

ಹಿರಿಯರು: ಚಿತ್ತಾಪುರ ತಾಲ್ಲೂಕಿನ ನಾಗಾವಿಗೆ ಹೋಗು. ಸೋಮೇಶ್ವರನ ಕಾಲದಲ್ಲಿ, 1058ರ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನದ ವಿವರ ಇದೆ. ವೇದ ಓದುವ 200 ಹುಡುಗರು, ಶಾಸ್ತ್ರ ಓದುವವರು ಬೇರೆ. ಅವರಿಗೆ ಊಟ, ವಸತಿ. ಗ್ರಂಥಗಳನ್ನು ನೋಡಿಕೊಳ್ಳೋದಕ್ಕೇ 6 ಮಂದಿ ಸರಸ್ವತೀ ಭಂಡಾರಿಗರು. ಇವತ್ತು ನಮ್ಮ ಜಿಲ್ಲೆಯ ಎಷ್ಟು ಕಾಲೇಜಿನಲ್ಲಿ ಆರು ಮಂದಿ ಗ್ರಂಥಪಾಲಕರಿದ್ದಾರೆ?

ತರುಣ: ಅಲ್ಲಿ ಓದಿದವರೆಲ್ಲ ಒಂದೇ ಜಾತಿಯ ಗಂಡುಹುಡುಗರು, ಸರ್. ನೂರು ವರ್ಷದ ಮೇಲೆ ಕಲ್ಯಾಣದಲ್ಲಿ ಅಂಬಿಗರು, ಮಾದಾರರು, ಹೆಂಗಸರು ವಚನ ಹೇಳಿದರಲ್ಲ, ಅವರು ಯಾವ ಘಟಿಕಾಸ್ಥಾನದಲ್ಲಿ ಓದಿದವರು?

ಹಿರಿಯರು: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಘಟಿಕೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ಅದು ನಿಜ.

ಸೋಮೇಶ್ವರನ ಕೊನೆ ಚಾಲುಕ್ಯ ಚರಿತ್ರೆಯಲ್ಲಿ ಮರೆಯಲಾಗದ್ದು. ವಾಸಿಯಾಗದ ಬೇನೆಯಿಂದ ನರಳುತ್ತಿದ್ದ ಅರಸ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗೆ ಇಳಿದು ಜಲಸಮಾಧಿಯಾದ. ಹಿರಿಯ ಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ಎಂಟು ವರ್ಷದಲ್ಲಿ ತಮ್ಮ ಅವನನ್ನು ಸೆರೆಗೆ ಹಾಕಿ ಗದ್ದುಗೆ ಏರಿದ. ಆ ತಮ್ಮನೇ ಆರನೆಯ ವಿಕ್ರಮಾದಿತ್ಯ. 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ ಈತ ಶಕವರ್ಷದ ಎಣಿಕೆಯನ್ನು ಬದಿಗಿಟ್ಟು ತನ್ನ ಪಟ್ಟಾಭಿಷೇಕದಿಂದ ಚಾಲುಕ್ಯ ವಿಕ್ರಮಶಕೆಯನ್ನು ಆರಂಭಿಸಿದ.

ತರುಣ: ಅಣ್ಣನನ್ನು ಸೆರೆಗೆ ಹಾಕಿದ್ದಕ್ಕೆ ಬಿಲ್ಹಣ ಕೊಡುವ ಕಾರಣ ನೋಡಿ: ಕನಸಿನಲ್ಲಿ ಶಿವ ಬಂದು ಅಪ್ಪಣೆ ಕೊಟ್ಟನಂತೆ. ಕಾಶ್ಮೀರದಿಂದ ಆಶ್ರಯ ಹುಡುಕಿಕೊಂಡು ಬಂದ ಕವಿ. ಅರಸ ವಿದ್ಯಾಪತಿ ಅಂತ ಮನ್ನಿಸಿದ. ಇನ್ನೇನು ಬರೀತಾನೆ?

ಹಿರಿಯರು: ಬಿಲ್ಹಣನನ್ನು ಹಾಗೆ ತಳ್ಳಿಹಾಕಬೇಡ. ಅವನ ‘ವಿಕ್ರಮಾಂಕದೇವಚರಿತ’ ನೂರಾರು ವರ್ಷ ಜೈಸಲ್ಮೇರಿನ ಜೈನ ಭಂಡಾರದಲ್ಲಿ ತಾಳೆಗರಿಯಲ್ಲೇ ಉಳಿದಿತ್ತು. ವಿದ್ವಾಂಸ ಬ್ಯೂಲರ್ ಅದನ್ನು ಹುಡುಕಿ 1875ರಲ್ಲಿ ಅಚ್ಚು ಹಾಕಿಸಿದ. ಅಣ್ಣನ ವಿಷಯಕ್ಕೆ ಬಂದರೆ ಅದು ವಕಾಲತ್ತು, ಒಪ್ಪುತ್ತೇನೆ. ಸೋಮೇಶ್ವರನ ಕೊನೆಯ ದಿನದ ವಿಷಯಕ್ಕೆ ಶಾಸನಗಳ ಜೊತೆ ಹೊಂದುತ್ತದೆ. ಒಂದೇ ಪುಸ್ತಕದಲ್ಲಿ ನಂಬುವ ಭಾಗವೂ ಇರುತ್ತದೆ, ನಂಬದ ಭಾಗವೂ ಇರುತ್ತದೆ. ಬೇರ್ಪಡಿಸೋದು ಓದುವವನ ಕೆಲಸ.

ತರುಣ: ಅದಕ್ಕೇ ನಾನು ಇದೇ ಆಸ್ಥಾನದ ವಿಜ್ಞಾನೇಶ್ವರನನ್ನು ಹೆಚ್ಚು ಮೆಚ್ಚೋದು. ಅವನು ಬರೆದದ್ದು ಕಾನೂನು.

ಹಿರಿಯರು: ಅವನೂ ಕೊನೆಯಲ್ಲಿ ಹೊಗಳಿದ್ದಾನೆ! ಕಲ್ಯಾಣದಂಥ ಊರು ಇರಲಿಲ್ಲ, ಇಲ್ಲ, ಇರುವುದಿಲ್ಲ. ವಿಕ್ರಮನಂಥ ಅರಸನನ್ನು ಕಂಡಿಲ್ಲ, ಕೇಳಿಲ್ಲ ಎಂಬ ಅರ್ಥದ ಮಾತು ಇದೆ. ಆದರೆ ‘ಮಿತಾಕ್ಷರ’ದ ಪ್ರಭಾವ ನೋಡು. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅನ್ನೋ ತತ್ವ ಅದರದ್ದು. ಬಂಗಾಳದ ಕಡೆ ‘ದಾಯಭಾಗ’ ನಡೆಯಿತು, ಉಳಿದ ಹೆಚ್ಚಿನ ಭಾರತಕ್ಕೆ ಇದೇ ಆಧಾರ. ಬ್ರಿಟಿಷರ ಕೋರ್ಟುಗಳೂ ಇದನ್ನೇ ಹಿಡಿದವು. ನಮ್ಮೂರ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗುವಾಗ ವಕೀಲ ಹೇಳುವ ನಿಯಮದ ಬೇರು ವಿಕ್ರಮಾದಿತ್ಯನ ಆಸ್ಥಾನದಲ್ಲಿದೆ.

ತರುಣ: ಮಗಳಿಗೆ ಆ ಹುಟ್ಟಿನ ಹಕ್ಕು ದೇಶದಾದ್ಯಂತ ಸಿಗಲು 2005ರ ತಿದ್ದುಪಡಿಯೇ ಬೇಕಾಯಿತು.

ಹಿರಿಯರು: ಬೇಕಾಯಿತು. ಅದಕ್ಕೂ ಮುಂಚೆ ಕರ್ನಾಟಕ 1994ರಲ್ಲೇ ತನ್ನ ಮಟ್ಟಿಗೆ ಕಾನೂನು ಮಾಡಿಕೊಂಡಿತ್ತು. ವಿಜ್ಞಾನೇಶ್ವರ ತನ್ನ ಕಾಲಕ್ಕೆ ಹೆಂಡತಿಯ ಹಕ್ಕು, ಸ್ತ್ರೀಧನ ಇವನ್ನು ವಿಸ್ತಾರ ಮಾಡಿ ನೋಡಿದವನು. ಅವನ ಮೇಲೆ ಅಷ್ಟು ಕೋಪ ಬೇಡ.

ವಿಕ್ರಮಾದಿತ್ಯನ ಕಾಲದ ಕಟ್ಟಡಗಳಲ್ಲಿ ಇಟಗಿಯ ಮಹಾದೇವ ದೇವಾಲಯದ ಹೆಸರು ಮೊದಲು ಬರುತ್ತದೆ. ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿನ ಶಾಸನ ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಗದಗ, ಲಕ್ಕುಂಡಿ, ಡಂಬಳ, ಕುರುವತ್ತಿಗಳ ಗುಡಿಗಳೂ ಇದೇ ಶೈಲಿಯವು. ರಾಜಧಾನಿಯ ಸುತ್ತ ಉಳಿದಿರುವುದು ಕಡಿಮೆ: ಬಸವಕಲ್ಯಾಣದ ಬಳಿಯ ನಾರಾಯಣಪುರ, ಉಮಾಪುರ, ಹುಮನಾಬಾದ ತಾಲ್ಲೂಕಿನ ಜಲಸಂಗಿ.

ತರುಣ: ಯಾಕೆ ಕಡಿಮೆ? ಅರಸ ಇಲ್ಲಿರುವಾಗ ಗುಡಿ ಅಲ್ಲಿ ಯಾಕೆ?

ಹಿರಿಯರು: ಎರಡು ಕಾರಣ ಕಾಣುತ್ತವೆ. ಒಂದು ಕಲ್ಲು. ತುಂಗಭದ್ರೆ ಮಲಪ್ರಭೆಗಳ ನಡುವೆ ಬಳಪದ ಕಲ್ಲಿನ ಜಾತಿಯ ನುಣುಪು ಕಲ್ಲು ಸಿಗುತ್ತದೆ. ಉಳಿ ಹೇಳಿದ ಹಾಗೆ ಕೇಳುತ್ತದೆ. ನಮ್ಮ ಕಡೆ ಕರಿಕಲ್ಲು, ಜಂಬಿಟ್ಟಿಗೆ, ಕೆಲಸ ಬಿಗಿ. ಇನ್ನೊಂದು, ಗಡಿ. ಕಲ್ಯಾಣವನ್ನು ಚೋಳರು ಸುಟ್ಟರು, ಆಮೇಲೆ ಸೇವುಣರು, ದಿಲ್ಲಿ, ಬಹಮನಿ, ಬರೀದಶಾಹಿ, ಆದಿಲಶಾಹಿ, 1657ರಲ್ಲಿ ಔರಂಗಜೇಬ್, ಆಮೇಲೆ ನಿಜಾಮರ ಕೈಕೆಳಗಿನ ನವಾಬರು. ಇಷ್ಟು ಕೈ ಬದಲಾದ ಊರಿನಲ್ಲಿ ಕಲ್ಲು ನಿಂತ ಜಾಗದಲ್ಲಿ ನಿಲ್ಲುವುದಿಲ್ಲ.

ತರುಣ: ಮೂರನೆಯ ಕಾರಣ ಬಿಟ್ಟಿರಿ. ಇಟಗಿಯನ್ನು ಕಟ್ಟಿಸಿದವನು ದಂಡನಾಯಕ. ಲಕ್ಕುಂಡಿಯ ಬಸದಿ ಕಟ್ಟಿಸಿದವಳು ಅತ್ತಿಮಬ್ಬೆ. ಕಟ್ಟುವ ಕೈ, ಹಣ ಇದ್ದದ್ದು ನಾಡುಗಳಲ್ಲಿ. ಅರಸನ ಹೆಸರು ಅಡ್ಡಪಟ್ಟಿಗೆ ಮಾತ್ರ.

ಹಿರಿಯರು: ಜಲಸಂಗಿಯ ಗೋಡೆಯನ್ನು ಹತ್ತಿರದಿಂದ ನೋಡಿದ್ದೀಯಲ್ಲ. ಹೊರಗೋಡೆಯ ಮೇಲೆ ಸಾಲಾಗಿ ಹೆಣ್ಣುರೂಪಗಳು. ಒಬ್ಬಳ ಕೈಯಲ್ಲಿ ಕಂಟ, ಎದುರಿಗೆ ಫಲಕ. ಫಲಕದ ಮೇಲೆ ಇರೋದು ಸುಮ್ಮನೆ ಅಲಂಕಾರದ ಗೀಟಲ್ಲ. ಓದಬರುವ ಅಕ್ಷರ, ವಿಕ್ರಮಾದಿತ್ಯನ ಪ್ರಶಂಸೆ. ಕಲ್ಲಿನ ಹೆಣ್ಣು ಕಲ್ಲಿನ ಮೇಲೆ ನಿಜವಾದ ಶಾಸನ ಬರೀತಾಳೆ. ಶಿಲ್ಪಿಗೆ ಇಂಥ ಯೋಚನೆ ಬರಬೇಕಾದರೆ ಅರಸನ ಹೆಸರು ಅಡ್ಡಪಟ್ಟಿಯಷ್ಟೇ ಆಗಿತ್ತಾ?

ತರುಣ: ಅವಳು ಬರೆಯೋದು ಅರಸನ ಹೆಸರು, ಆ ಹೆಣ್ಣನ್ನು ಕಡೆದ ರೂವಾರಿ ಯಾರು ಅಂತ ಅವಳು ಬರೆಯಲಿಲ್ಲ. ನನಗೆ ಆ ಗೋಡೆ ತುಂಬಾ ಇಷ್ಟ, ಸರ್. ಇಷ್ಟವಾದ್ದರಿಂದಲೇ ಅವಳ ಕೈ ಇನ್ನೊಂದು ಸಾಲು ಬರೆಯಬೇಕಿತ್ತು ಅನ್ನಿಸುತ್ತದೆ.

ವಿಕ್ರಮಾದಿತ್ಯನ ಕೊನೆಯ ದಶಕದಲ್ಲೇ ಸಾಮಂತರ ಬಲ ಕಾಣತೊಡಗಿತು. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಕಿತ್ತುಕೊಂಡು, ಅದೇ ಹುರುಪಿನಲ್ಲಿ ಚಾಲುಕ್ಯರ ಮೇಲೂ ತಿರುಗಿಬಿದ್ದ. ಸಿಂದ ವಂಶದ ಆಚುಗಿ ಅವನನ್ನು ತಡೆದ. ಒಬ್ಬ ಸಾಮಂತನನ್ನು ಹಿಡಿತದಲ್ಲಿಡಲು ಇನ್ನೊಬ್ಬ ಸಾಮಂತ ಬೇಕಾದ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ದಂಡಿಗಿಂತ ಗ್ರಂಥದಲ್ಲಿ ದೊಡ್ಡವನು. ಅವನ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ವಿಶ್ವಕೋಶ. ರಾಜನೀತಿ, ಆನೆಕುದುರೆಗಳ ಲಕ್ಷಣ, ಚಿತ್ರಕಲೆ, ಸಂಗೀತ, ಅಡುಗೆ ಎಲ್ಲವೂ ಅಲ್ಲಿವೆ. ಉದ್ದಿನ ಹಿಟ್ಟಿನಿಂದ ಮಾಡುವ ಇಡ್ಡರಿಕೆಯ ಮಾತೂ ಬರುತ್ತದೆ. ಅವನ ನಂತರ ಇಮ್ಮಡಿ ಜಗದೇಕಮಲ್ಲ, ಅವನ ನಂತರ ಮುಮ್ಮಡಿ ತೈಲಪ. ಈ ತೈಲಪನನ್ನು ಕಾಕತೀಯ ಪ್ರೋಲ ಸೆರೆಹಿಡಿದು ಬಿಟ್ಟುಕಳಿಸಿದನೆಂದು ಕಾಕತೀಯರ ಶಾಸನ ಹೇಳುತ್ತದೆ.

ತರುಣ: ಈಗ ನನ್ನ ಮಾತಿಗೆ ಬರೋಣ. ಬಿಜ್ಜಳ ಯಾರು? ಚಾಲುಕ್ಯರ ಮಹಾಮಂಡಲೇಶ್ವರ. ಮಂಗಳವಾಡ ಅವನ ಊರು, ಈಗಿನ ಸೋಲಾಪುರ ಜಿಲ್ಲೆಯ ಮಂಗಳವೇಢೆ. ಅವನ ಕೈಯಲ್ಲಿದ್ದ ನಾಡು ಯಾವುದು?

ಹಿರಿಯರು: ಕರಹಾಡ ನಾಲ್ಕುಸಾವಿರ, ತರ್ದವಾಡಿ ಸಾವಿರ.

ತರುಣ: ತರ್ದವಾಡಿ! ತೈಲಪ ಯಾವ ನಾಡಿನಲ್ಲಿ ಕಾಲೂರಿ ಒಡೆಯನನ್ನು ಕೆಡವಿದನೋ ಅದೇ ನಾಡು. 973ರಲ್ಲಿ ತರ್ದವಾಡಿಯ ಸಾಮಂತ ಸಾಮ್ರಾಜ್ಯ ಹಿಡಿದ. 1157ರಲ್ಲಿ ತರ್ದವಾಡಿಯ ಸಾಮಂತ ಸಾರ್ವಭೌಮನ ಬಿರುದು ಹಾಕಿಕೊಂಡ, 1162ಕ್ಕೆ ಕಲ್ಯಾಣದ ಗದ್ದುಗೆ ಏರಿದ. ತಾವು ಬಂದ ಬಾಗಿಲನ್ನೇ ಚಾಲುಕ್ಯರು ಮುಚ್ಚಲಿಲ್ಲ. ಇದನ್ನು ನೀವು ಜಾಣತನದ ಹಂಚಿಕೆ ಅಂತೀರಿ.

ಹಿರಿಯರು: ನಡುವಿನ ಸುಮಾರು ನೂರ ತೊಂಬತ್ತು ವರ್ಷ ಎಲ್ಲಿ ಹೋಯಿತು? ಅಷ್ಟು ಕಾಲ ಆ ಬಾಗಿಲಿನಿಂದ ತೆರಿಗೆ ಬಂತು, ದಂಡು ಬಂತು. ಕುದುರೆಯೇ ಅವಸರದ ಸುದ್ದಿ ತರುವ ಕಾಲದಲ್ಲಿ ಕಲ್ಯಾಣದಿಂದ ಬನವಾಸಿಯನ್ನು ದಿನದಿನವೂ ಆಳೋದು ಸಾಧ್ಯವಿತ್ತಾ? ಬೇರೆ ದಾರಿ ಯಾವುದು, ನೀನೇ ಹೇಳು.

ತರುಣ: ದಾರಿ ನನಗೂ ತಿಳಿಯದು. ಬಿಜ್ಜಳನ ಊರಿನಲ್ಲೇ ಕೆಲವರು ಅರಸನಿಲ್ಲದ ದಾರಿ ಹುಡುಕಿದರು ಅಂತ ಮಾತ್ರ ಗೊತ್ತು. ಬಸವಣ್ಣ ಅವನ ಭಂಡಾರಿ. ದುಡಿಮೆಯೇ ಕಾಯಕ, ಪಾಲೇ ದಾಸೋಹ, ಗುಡಿಯ ಬದಲು ದೇಹ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು ಅಂತ ಬಿಜ್ಜಳ ಹರಳಯ್ಯ, ಮಧುವರಸರನ್ನು ಕೊಲ್ಲಿಸಿದ. ಶರಣರು ಉಳವಿಯ ಕಡೆ ಚದುರಿದರು. ಕಲ್ಯಾಣ ಅಂದರೆ ಜನಕ್ಕೆ ಇದು. ವಿಕ್ರಮಾದಿತ್ಯ ಎಷ್ಟು ಕಾಳಗ ಗೆದ್ದ ಅಂತ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಗೊತ್ತಿರೋದಿಲ್ಲ. ಹರಳಯ್ಯನ ಕಥೆ ಎಲ್ಲರಿಗೂ ಗೊತ್ತು.

ಹಿರಿಯರು: ಆ ಕಥೆಯ ಮೇಲೆ ನನಗೆ ನಿನ್ನಷ್ಟೇ ಪ್ರೀತಿ. ಆದರೆ ಬಿಲ್ಹಣನನ್ನು ಜಾಲಾಡಿದವನು ಇಲ್ಲಿಯೂ ಜಾಲಾಡಬೇಕು. ಈ ವಿವರ ಬರೋದು ಪುರಾಣಗಳಲ್ಲಿ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ, 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ. ಜೈನರ ಕಾವ್ಯ ಬಿಜ್ಜಳನ ಕಥೆಯನ್ನು ಬೇರೆಯೇ ರೀತಿ ಹೇಳುತ್ತದೆ. ಬಸವಣ್ಣನ ಹೆಸರು ಸ್ಪಷ್ಟವಾಗಿ ಸಿಗುವ ಅರ್ಜುನವಾಡ ಶಾಸನ 1260ರದ್ದು. ಬಿಜ್ಜಳ 1167ರ ಹೊತ್ತಿಗೆ ಮಗ ಸೋವಿದೇವನಿಗೆ ಪಟ್ಟ ಬಿಟ್ಟದ್ದು ಶಾಸನದಿಂದ ಗೊತ್ತು. ಅವನನ್ನು ಯಾರು ಕೊಂದರು ಅನ್ನೋದು ಒಬ್ಬೊಬ್ಬರ ಪುಸ್ತಕದಲ್ಲಿ ಒಂದೊಂದು ಥರ.

ತರುಣ: ಪುರಾಣ ತಡವಾಗಿ ಬಂತು, ವಚನ ತಡವಾಗಿ ಹುಟ್ಟಲಿಲ್ಲ. ಬಡವರ ಮದುವೆಗೆ, ಬಡವರ ಸಾವಿಗೆ ಶಾಸನ ಹಾಕಿಸೋರು ಯಾರು, ಸರ್? ಕಲ್ಲು ಕೇಳಿದರೆ ಅರಸರೇ ಗೆಲ್ತಾರೆ. ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ ಅಂತ ಜನ ಇವತ್ತಿಗೂ ತೋರಿಸ್ತಾರೆ. ಅರಮನೆ ಎಲ್ಲಿತ್ತು ಅಂತ ಯಾರೂ ತೋರಿಸೋದಿಲ್ಲ. ಜನರ ನೆನಪೂ ಒಂದು ಆಧಾರವೇ.

ಹಿರಿಯರು: ಆಧಾರವೇ, ಜನ ಏನನ್ನು ಮನಸ್ಸಿನಲ್ಲಿಟ್ಟುಕೊಂಡರು ಅನ್ನೋದಕ್ಕೆ. ಏನು ನಡೆಯಿತು ಅನ್ನೋದಕ್ಕೆ ಅದೊಂದೇ ಸಾಲದು. ಇನ್ನೊಂದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಶರಣರು ಕಾಶ್ಮೀರದಿಂದ, ಸೌರಾಷ್ಟ್ರದಿಂದ, ಆಂಧ್ರದಿಂದ ಕಲ್ಯಾಣಕ್ಕೇ ಬಂದರು ಅಂತ ನಿನ್ನ ಪುರಾಣಗಳೇ ಹೇಳುತ್ತವೆ. ಯಾಕೆ ಕಲ್ಯಾಣಕ್ಕೇ? ನೂರಿಪ್ಪತ್ತು ವರ್ಷ ಚಾಲುಕ್ಯರು ಅದನ್ನು ದಾರಿಗಳು ಕೂಡುವ ಪೇಟೆ ಮಾಡಿದ್ದರು. ಕಸುಬಿನವರು, ವ್ಯಾಪಾರಿಗಳು, ಕವಿಗಳು ಅಲ್ಲಿ ನೆರೆದಿದ್ದರು. ಆ ಪೇಟೆ ಇಲ್ಲದೆ ಶರಣರ ಅನುಭವ ಮಂಟಪ ಎಲ್ಲಿ ಕೂಡಬೇಕಿತ್ತು?

ತರುಣ: ಪೇಟೆಗೆ ಅರಸನೇ ಬೇಕು ಅಂತಿಲ್ಲ. ನಮ್ಮ ಮಾಣಿಕನಗರವನ್ನೇ ನೋಡಿ. ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಇಲ್ಲಿಗೆ ಬಂದು ನೆಲೆಸಿದರು, ಊರು ಆಯಿತು. ಸಕಲಮತ ಅಂದರು, ಹಿಂದೂ ಮುಸಲ್ಮಾನ ಅಂತ ನೋಡದೆ ಜನ ಬಂದರು. ದತ್ತಜಯಂತಿಯ ದರ್ಬಾರಿಗೆ ಎಲ್ಲಿಂದೆಲ್ಲಿಂದಲೋ ಗವಾಯಿಗಳು ಬಂದು ಹಾಡ್ತಾರೆ. ಕೋಟೆ ಇಲ್ಲ, ದಂಡು ಇಲ್ಲ.

ಹಿರಿಯರು: ದರ್ಬಾರು ಅನ್ನೋ ಪದ್ಧತಿ ಎಲ್ಲಿಂದ ಬಂತು? ಗದ್ದುಗೆ, ದರ್ಬಾರು, ಮಹಾರಾಜರು, ಇವೆಲ್ಲ ಅರಸೊತ್ತಿಗೆಯ ರೀತಿಯೇ. ಸಂತರು ಅದನ್ನು ತಮ್ಮದಾಗಿಸಿಕೊಂಡರು, ಅದು ಅವರ ದೊಡ್ಡತನ. ಆದರೆ ಮೊದಲು ಆ ರೀತಿಯನ್ನು ಈ ನೆಲದಲ್ಲಿ ಯಾರೋ ನಡೆಸಿರಬೇಕು.

ಬಿಜ್ಜಳನ ನಂತರ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಒಬ್ಬರ ಹಿಂದೊಬ್ಬರು ಪಟ್ಟಕ್ಕೆ ಬಂದರು. ಯಾರೂ ಗಟ್ಟಿಯಾಗಿ ನಿಲ್ಲಲಿಲ್ಲ. 1183–84ರಲ್ಲಿ ಕಳಚುರಿಗಳ ಸೇನಾಪತಿಯ ಮಗ ಬೊಮ್ಮ ಪಕ್ಷ ಬದಲಿಸಿ, ಮುಮ್ಮಡಿ ತೈಲಪನ ಮಗ ನಾಲ್ವಡಿ ಸೋಮೇಶ್ವರನನ್ನು ಕಲ್ಯಾಣಕ್ಕೆ ಮರಳಿ ತಂದ. ಐದಾರು ವರ್ಷ ಮಾತ್ರ. ಉತ್ತರದಿಂದ ದೇವಗಿರಿಯ ಸೇವುಣ ಐದನೆಯ ಭಿಲ್ಲಮ ಕಲ್ಯಾಣವನ್ನು ಹಿಡಿದ, ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳ ಒತ್ತಿಬಂದ. ಸೋಮೇಶ್ವರ ಬನವಾಸಿಗೆ ಸರಿದ. ಭಿಲ್ಲಮ, ಬಲ್ಲಾಳರು ಚಾಲುಕ್ಯರ ನಾಡಿಗಾಗಿ ಗದಗಿನ ಬಳಿಯ ಸೊರಟೂರಿನಲ್ಲಿ ಕಾದಾಡಿದರು; ಗೆದ್ದವನು ಬಲ್ಲಾಳ. ಪೂರ್ವದಲ್ಲಿ ಕಾಕತೀಯ ರುದ್ರದೇವ ಅದಕ್ಕೂ ಮೊದಲೇ, 1163ರ ಹನುಮಕೊಂಡ ಶಾಸನದ ಹೊತ್ತಿಗೆ, ಸ್ವತಂತ್ರನಾಗಿದ್ದ.

ತರುಣ: ಮೂವರೂ ಚಾಲುಕ್ಯರ ಸಾಮಂತರು. ದೇವಗಿರಿ, ದೋರಸಮುದ್ರ, ಓರುಗಲ್ಲು, ಮೂರು ರಾಜಧಾನಿ. ಒಂದು ಮನೆ ಒಡೆದು ಮೂರಾಯಿತು. ಆ ಮೂರೂ ಒಬ್ಬರಿಗೊಬ್ಬರು ಕಾದಾಡಿ, 1323ರ ಒಳಗೆ ದೇವಗಿರಿ, ಓರುಗಲ್ಲು ದಿಲ್ಲಿಯವರ ಕೈಗೆ ಹೋದವು. ಕೂಡಿ ನಿಲ್ಲುವುದನ್ನು ಕಲ್ಯಾಣ ಅವರಿಗೆ ಕಲಿಸಲಿಲ್ಲ.

ಹಿರಿಯರು: ಒಡೆದು ಹೋಳಾಯಿತು ಅಂತ ನೀನು ನೋಡ್ತೀಯ, ಮೂರು ಕಡೆ ಚಿಗುರಿತು ಅಂತ ನಾನು ನೋಡ್ತೀನಿ. ಹಳೇಬೀಡಿನ ಹೊಯ್ಸಳ ಗುಡಿಗೆ ಇಟಗಿ, ಲಕ್ಕುಂಡಿಯ ರೂವಾರಿಗಳ ಕೆಲಸ ತಳಪಾಯ. ಹನುಮಕೊಂಡದ ಸಾವಿರಕಂಬದ ಗುಡಿಯ ಕಡೆದ ಕಂಬ ನೋಡು, ನಮ್ಮ ಕಡೆಯ ಕಂಬದ ಬಳಗವೇ. ನಾಡಿನ ಲೆಕ್ಕ, ದಂಡನಾಯಕನ ಹುದ್ದೆ, ಶಾಸನದ ಪಾಠ, ಎಲ್ಲ ಇಲ್ಲಿಂದಲೇ ಹೋದದ್ದು.

ತರುಣ: ಹಾಗಾದರೆ ಊರಿಗೆ 1956ರಲ್ಲಿ ಹೊಸ ಹೆಸರಿಡುವಾಗ ವಿಕ್ರಮಕಲ್ಯಾಣ ಅಂತ ಯಾಕೆ ಇಡಲಿಲ್ಲ? ಬಸವಕಲ್ಯಾಣ ಅಂತಲೇ ಇಟ್ಟರು.

ಹಿರಿಯರು: ಬಸವ ಅನ್ನೋದನ್ನು ಕಲ್ಯಾಣಕ್ಕೆ ಸೇರಿಸಿದರು, ಕಲ್ಯಾಣವನ್ನು ತೆಗೆಯಲಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆದಾಗಲೂ ಉಳಿದದ್ದು ಆ ಹೆಸರೇ. ಅದು ಶರಣರ ಕಲ್ಯಾಣ ಅಂತ ನೀನು ಹೇಳ್ತೀಯ, ಆಹವಮಲ್ಲ ಸೋಮೇಶ್ವರ ಕಟ್ಟಿದ ಕಲ್ಯಾಣ ಅಂತ ನಾನು ಹೇಳ್ತೀನಿ.

ತರುಣ: ತೀರ್ಮಾನ ಆಗಬೇಕಾದರೆ ಆ ಊರಿನ ನೆಲವನ್ನು ಕ್ರಮವಾಗಿ ಅಗೆದು ನೋಡಬೇಕು. ಕೋಟೆಯ ಕೆಳಗೆ, ತ್ರಿಪುರಾಂತಕ ಕೆರೆಯ ಸುತ್ತ. ಅರಮನೆಯ ಪಾಯ ಸಿಕ್ಕರೆ ನಾನೇ ಮೊದಲು ಬಂದು ನಿಮಗೆ ಹೇಳ್ತೀನಿ.

ಹಿರಿಯರು: ಕಸುಬಿನವರ ಕೇರಿ ಸಿಕ್ಕರೂ ಬಂದು ಹೇಳು. ಅಲ್ಲಿಯತನಕ ಜಲಸಂಗಿ, ನಾರಾಯಣಪುರಗಳ ಶಾಸನಗಳನ್ನು ನಾವಿಬ್ಬರೂ ಕೂತು ಇನ್ನೊಮ್ಮೆ ಓದೋಣ. ಅರಸನ ಸಾಲುಗಳನ್ನು ನಾನು ಓದ್ತೀನಿ, ಊರವರ ಸಾಲುಗಳನ್ನು ನೀನು ಓದು.